ಅರಳು ಮರಳು ವಯಸ್ಸಿನ ಗುಣವಲ್ಲ

ಅರವತ್ತಕ್ಕೆ ಅರಳು ಮರಳು ಅಂತ ಕೊಡಗಿನ ಈ ಸಭೆಯಲ್ಲಿರುವ ನಾವೆಲ್ಲ ನಗುತ್ತಾ ಹೇಳುತ್ತೇವೆ. ಆ ಗಾದೆಯಿಂದ ಆಗುವ ನಷ್ಟ ಮಾತ್ರ ದೊಡ್ಡದು. ಮನೆಯ ಹಿರಿಯರು ಒಂದೇ ಮಾತನ್ನು ಅರ್ಧ ಗಂಟೆಯಲ್ಲಿ ಐದು ಸಲ ಕೇಳಿದರೆ 'ವಯಸ್ಸಾಯಿತಲ್ಲ' ಎಂದು ಬಿಟ್ಟುಬಿಡುತ್ತೇವೆ. ಮೆಣಸು ಮಾರಿದ ದುಡ್ಡು ಎಲ್ಲಿಟ್ಟೆ ಎಂಬುದು ಮರೆತುಹೋಗಿ ತೋಟದ ಆಳಿನ ಮೇಲೆ ಅನುಮಾನಪಟ್ಟರೆ 'ಸ್ವಭಾವ ಕೆಟ್ಟಿತು' ಎನ್ನುತ್ತೇವೆ. ಹೀಗೆ ಎರಡು ಮೂರು ವರ್ಷ ಉರುಳುತ್ತದೆ. ಒಂದು ಸಂಜೆ ಅವರು ಸ್ವಂತ ತೋಟದಲ್ಲೇ ದಾರಿ ತಪ್ಪಿದಾಗ ಮಾತ್ರ ಆಸ್ಪತ್ರೆಯ ನೆನಪಾಗುತ್ತದೆ.

ಲೆಕ್ಕ ನೋಡಿ. ನಮ್ಮ ದೇಶದಲ್ಲಿ ವೃದ್ಧರ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಗ್ಗಿ ದಿನದ ಕೆಲಸವೇ ಕಷ್ಟವಾಗುವ ಸ್ಥಿತಿ, ಇರುವವರು ಶೇ. 7.4, ಅಂದರೆ ಸುಮಾರು 88 ಲಕ್ಷ ಜನ. ನೂರರಲ್ಲಿ ಏಳೆಂಟು ಮಂದಿಗೆ ಇದೆ, ತೊಂಬತ್ತೆರಡು ಮಂದಿಗೆ ಇಲ್ಲ. ವಯಸ್ಸೇ ಕಾರಣವಾಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲಿ, ಹಳ್ಳಿಗಳಲ್ಲಿ, ಶಾಲೆಗೆ ಹೋಗದವರಲ್ಲಿ ಈ ಕಾಯಿಲೆ ಹೆಚ್ಚು ಕಂಡಿದೆ. ಇದು ಪೇಟೆಯವರ ಅಥವಾ ಬಂಗಲೆಯವರ ಕಾಯಿಲೆ ಎಂದು ಯಾರೂ ತಿಳಿಯಬೇಡಿ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿಯೂ ವಯಸ್ಸಾದವರಿದ್ದಾರೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರೇ ಇಲ್ಲ, ಅಷ್ಟೇ.

ಡಿಮೆನ್ಶಿಯಾ ಎಂಬುದು ಒಂದೇ ರೋಗದ ಹೆಸರಲ್ಲ. ಜ್ವರ ಎಂದ ಹಾಗೆ ಅದು ಒಂದು ಸ್ಥಿತಿ. ಅದರ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಹೆಚ್ಚಿನ ಪಾಲು, ಶೇ. 60ರಿಂದ 70, ಅಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ನೋಡಿದ ಹೆಂಗಸು ಆಸ್ಪತ್ರೆ ಸೇರಿದಾಗ ಆಕೆಗೆ 51 ವರ್ಷ, ಅರವತ್ತೂ ಆಗಿರಲಿಲ್ಲ. ಎರಡನೆಯದು ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವಂಥದ್ದು. ವಯಸ್ಸಾದವರಲ್ಲಿ ಬಹಳ ಸಲ ಈ ಎರಡೂ ಒಟ್ಟಿಗೇ ಇರುತ್ತವೆ. ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನು ಮರೆವು ಕಾಣುವುದಕ್ಕಿಂತ 15–20 ವರ್ಷ ಮೊದಲೇ ಕೂಡಲು ಶುರುವಾಗಿರುತ್ತದೆ. 72ರಲ್ಲಿ ಮರೆವು ಕಂಡರೆ ಕಾಯಿಲೆಯ ಬೀಜ 52ರಲ್ಲೇ ಬಿದ್ದಿದೆ ಎಂದಾಯಿತು. ಆದ್ದರಿಂದ ನನ್ನ ಇವತ್ತಿನ ಮಾತು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜ ಅಜ್ಜಿಯರಿಗಿಂತ ಹಿಂದೆ ನಿಂತಿರುವ ನಲವತ್ತು ಐವತ್ತರವರಿಗೆ ಹೆಚ್ಚು ಅನ್ವಯಿಸುತ್ತದೆ.

ಸಾಮಾನ್ಯ ಮರೆವು ಯಾವುದು, ಕಾಯಿಲೆ ಯಾವುದು? ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಮಾಡುವುದನ್ನೇ ತೆಗೆದುಕೊಳ್ಳಿ. ಒಂದು ಲೋಟ ಅಕ್ಕಿ ತರಿ ತೊಳೆದಿಡಬೇಕು. ಎರಡು ಲೋಟದ ಮೇಲೆ ಸ್ವಲ್ಪ ನೀರು, ಉಪ್ಪು ಹಾಕಿ ಕುದಿಸಬೇಕು. ಕುದಿ ಬಂದ ಮೇಲೆ ತರಿ ಸುರಿದು, ಗಂಟಾಗದ ಹಾಗೆ ತಿರುವಿ, ಉರಿ ಸಣ್ಣ ಮಾಡಿ ಮುಚ್ಚಬೇಕು. ನೀರು ಇಂಗಿದ ಮೇಲೆ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ತಣ್ಣಗಾದರೆ ಉಂಡೆ ಒಡೆಯುತ್ತದೆ. ಆಮೇಲೆ ಹಬೆಯ ಪಾತ್ರೆಯ ತಳಕ್ಕೆ ನೀರು ಹಾಕಿ ಬೇಯಿಸಬೇಕು. ಐವತ್ತು ವರ್ಷ ಇದನ್ನು ಕಣ್ಣು ಮುಚ್ಚಿ ಮಾಡಿದವರು ಒಂದು ದಿನ ಉಪ್ಪು ಹಾಕಲು ಮರೆತರೆ ಏನೂ ಗಾಬರಿ ಬೇಡ, ನೆಂಟರು ಬಂದಿರಬಹುದು, ಮಾತಿನಲ್ಲಿ ಮೈಮರೆತಿರಬಹುದು. ತರಿಯನ್ನು ತಣ್ಣೀರಿಗೆ ಸುರಿದು ನಿಂತರೆ, ಉಂಡೆ ಕಟ್ಟಿದ ಮೇಲೆ ಮುಂದೇನು ಎಂದು ತಿಳಿಯದೆ ತಟ್ಟೆಯನ್ನೇ ನೋಡುತ್ತಿದ್ದರೆ, ತಳದಲ್ಲಿ ನೀರಿಲ್ಲದೆ ಪಾತ್ರೆ ಸೀದರೂ ಗೊತ್ತಾಗದಿದ್ದರೆ, ತಿಂಗಳಿಗೆ ಎರಡು ಮೂರು ಸಲ ಹೀಗೇ ಆದರೆ, ಅದು ಬೇರೆ. ಒಂದಾದ ಮೇಲೆ ಒಂದು ಕೆಲಸವನ್ನು ಸಾಲಾಗಿ ಜೋಡಿಸುವ ಮಿದುಳಿನ ಶಕ್ತಿ ಅಲ್ಲಿ ಸೋಲುತ್ತಿದೆ. ಗಂಡಸರಲ್ಲಿ ಇದೇ ಲಕ್ಷಣ ವಾರದ ಬಟವಾಡೆಯ ದಿನ ಕಾಣುತ್ತದೆ. ಒಬ್ಬರಿಗೇ ಎರಡು ಸಲ ಕೂಲಿ ಕೊಡುವುದು, ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೂರುವುದು, ಕೊನೆಗೆ ಸಿಟ್ಟುಮಾಡಿ ಎದ್ದು ಹೋಗುವುದು. ಆ ಸಿಟ್ಟಿನ ಕೆಳಗೆ ಇರುವುದು ಭಯ. ದಯವಿಟ್ಟು ಅದನ್ನು ಗುರುತಿಸಿ.

ಇಲ್ಲಿ ಒಂದು ಎಚ್ಚರ. ಮರೆವು ಕಂಡ ಕೂಡಲೇ ಅಲ್ಝೈಮರ್ ಎಂದು ಕೈಚೆಲ್ಲುವುದು ಸುಮ್ಮನಿರುವಷ್ಟೇ ತಪ್ಪು. ಅದೇ ವೇಷದಲ್ಲಿ ಬರುವ, ಆದರೆ ಗುಣವಾಗುವ ತೊಂದರೆಗಳಿವೆ. ಬಿ12 ಜೀವಸತ್ವದ ಕೊರತೆ ಒಂದು. ರಕ್ತದಲ್ಲಿ ಅದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಾದರೆ ಕೊರತೆ, 200–300ರ ನಡುವೆ ಇದ್ದರೆ ಅನುಮಾನ. 'ನಾವು ಪಂದಿ (ಹಂದಿ ಮಾಂಸ), ಮೀನು, ಮೊಟ್ಟೆ ತಿನ್ನುವವರು, ನಮಗೆಲ್ಲಿಯ ಕೊರತೆ' ಎನ್ನಬೇಡಿ. ವಯಸ್ಸಾದ ಹೊಟ್ಟೆ ಬಿ12 ಅನ್ನು ಸರಿಯಾಗಿ ಹೀರುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಎದೆಯುರಿಗೆ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳೂ ಅದನ್ನು ಇಳಿಸುತ್ತವೆ. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಮನಸ್ಸೂ ಮಂದವಾಗುತ್ತದೆ. ಸಂಗಾತಿ ತೀರಿಕೊಂಡ ಮೇಲೆ ಬರುವ ಖಿನ್ನತೆ ಮರೆವಿನ ಹಾಗೇ ಕಾಣುತ್ತದೆ. ನೆಗಡಿ, ತುರಿಕೆ, ನಿದ್ದೆಗೆ ಅಂಗಡಿಯಲ್ಲೇ ಕೇಳಿ ತರುವ ಕೆಲವು ಮಾತ್ರೆಗಳು ಹಿರಿಯರ ನೆನಪನ್ನು ನೇರವಾಗಿ ಮಂಕುಮಾಡುತ್ತವೆ.

ಎರಡು ದಿನದಲ್ಲಿ ದಿಢೀರನೆ ಗೊಂದಲ ಬಂದರೆ, ಹಗಲು ತೂಕಡಿಸಿ ರಾತ್ರಿ ಕೂಗಾಡಿದರೆ, ಅದನ್ನು ಡಿಮೆನ್ಶಿಯಾ ಎನ್ನಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಇಂಥ ಕಾರಣ ಇರುತ್ತದೆ. ಮಳೆ ನಿಲ್ಲಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ಕೈಯಲ್ಲಿರುವುದೆಷ್ಟು ಎಂಬ ಪ್ರಶ್ನೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017ರಲ್ಲಿ ನಾವು ಬದಲಾಯಿಸಬಹುದಾದ 9 ಕಾರಣಗಳನ್ನು ಹೆಸರಿಸಿತು. 2020ರಲ್ಲಿ ಅದು 12 ಆಯಿತು, 2024ರಲ್ಲಿ 14. ಈ ಹದಿನಾಲ್ಕನ್ನೂ ಸರಿಮಾಡಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದಕ್ಕೆ ತಳ್ಳಬಹುದು ಎಂಬುದು ಅವರ ಅಂದಾಜು. ಇದು ಇಡೀ ಜನಸಮುದಾಯದ ಲೆಕ್ಕ. ಎಲ್ಲ ಸರಿಯಾಗಿ ಬದುಕಿದವರಿಗೂ ಈ ಕಾಯಿಲೆ ಬರಬಹುದು. ಆಗ ಅವರನ್ನಾಗಲಿ ಮನೆಯವರನ್ನಾಗಲಿ ದೂರುವುದು ಅನ್ಯಾಯ.

ಆ ಹದಿನಾಲ್ಕರಲ್ಲಿ ತೂಕದಲ್ಲಿ ಮೊದಲ ಸಾಲಿನಲ್ಲಿರುವುದು ಯಾವುದು ಗೊತ್ತೇ? ಕಿವಿ. ಕೆಟ್ಟ ಕೊಲೆಸ್ಟರಾಲ್ ಮತ್ತು ಕಿವಿ ಮಂದವಾಗುವುದು, ಆ ಶೇ. 45ರಲ್ಲಿ ಎರಡಕ್ಕೂ ತಲಾ 7. ಕೇಳದ ಮನುಷ್ಯ ಮಾತಿನಿಂದ ಹಿಂದೆ ಸರಿಯುತ್ತಾನೆ, ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾನೆ. ಅರ್ಧಂಬರ್ಧ ಕೇಳಿದ್ದನ್ನು ಊಹಿಸುವುದರಲ್ಲೇ ಮಿದುಳು ದಣಿಯುತ್ತದೆ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ನಡೆದ ಪ್ರಯೋಗದ ಫಲ 2023ರಲ್ಲಿ ಬಂತು. ಎಲ್ಲರನ್ನೂ ಒಟ್ಟು ನೋಡಿದರೆ ಶ್ರವಣ ಸಾಧನದಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಿ.ಪಿ., ಸಕ್ಕರೆಯಂಥ ಅಪಾಯಗಳು ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ಕಡಿಮೆಯಾಯಿತು. ಆದ್ದರಿಂದ ಮೊದಲು ಕಿವಿಯ ಗುಗ್ಗೆ ತೆಗೆಸಿ ನೋಡಿ, ಎಷ್ಟೋ ಜನರ ಕಿವುಡು ಅಲ್ಲಿಗೇ ಹೋಗುತ್ತದೆ. ಆಮೇಲೆ ಶ್ರವಣ ಪರೀಕ್ಷೆ. ಸಾಧನ ತಂದರೆ ಮೊದಲ ದಿನವೇ ಮದುವೆ ಮಂಟಪಕ್ಕೆ ಹಾಕಿಕೊಂಡು ಹೋಗಬೇಡಿ, ವಾಲಗದ ಸದ್ದಿಗೆ ತಲೆ ಸಿಡಿದು ಡಬ್ಬಿಗೆ ಹಾಕಿಬಿಡುತ್ತೀರಿ. ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ, ವಾರ ವಾರ ಹೆಚ್ಚಿಸುತ್ತಾ ಹೋಗಿ. ಕಣ್ಣಿನ ಪೊರೆಯೂ ಹಾಗೇ, 'ಇನ್ನೂ ಹಣ್ಣಾಗಲಿ' ಎಂದು ಕಾಯುವ ಕಾಲ ಹೋಯಿತು.

ಬಿ.ಪಿ.ಯ ವಿಷಯಕ್ಕೆ ಬರುತ್ತೇನೆ. ಮಿದುಳಿನ ತೂಕ ದೇಹದ ಶೇ. 2 ಮಾತ್ರ, ಆದರೆ ದೇಹ ಬಳಸುವ ಶಕ್ತಿಯಲ್ಲಿ ಶೇ. 20 ಅದಕ್ಕೇ ಬೇಕು. ಆ ಶಕ್ತಿಯನ್ನು ಒಯ್ಯುವ ನಾಳಗಳು ಕೂದಲಿಗಿಂತ ಸಣ್ಣವು. ಒತ್ತಡ ಹೆಚ್ಚಿದ್ದರೆ ಇಪ್ಪತ್ತು ವರ್ಷದಲ್ಲಿ ಅವು ಗಡುಸಾಗಿ ಕಟ್ಟಿಕೊಳ್ಳುತ್ತವೆ. ನಲವತ್ತರಿಂದಲೇ ಮೇಲಿನ ಸಂಖ್ಯೆಯನ್ನು 130ರ ಒಳಗೆ ಇಟ್ಟುಕೊಳ್ಳುವುದು ಗುರಿ. ಮನೆಯಲ್ಲಿ ನೋಡುವವರು ಸರಿಯಾಗಿ ನೋಡಿ. ಕಾಫಿ, ಬೀಡಿ ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಮಾತಾಡದೆ ಕೂತಿರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿ ಸ್ವೆಟರ್ ಮೇಲೆ ಬೇಡ, ಮಡಿಕೇರಿಯ ಚಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಅದೇ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಸಂಜೆ, ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಿ. ಬಿ.ಪಿ. ಇಳಿಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಇಳಿದಿರುವುದೇ ಮಾತ್ರೆಯಿಂದ.

ಊಟದ ವಿಷಯ ಕೇಳಲೆಂದೇ ಹೆಚ್ಚಿನವರು ಬಂದಿದ್ದೀರಿ ಎಂದು ಗೊತ್ತು. ಮೊದಲೇ ಹೇಳಿಬಿಡುತ್ತೇನೆ, ಮರೆವನ್ನು ತಡೆಯುವ ಒಂದು ಆಹಾರ ಎಂಬುದಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಒಂದೆಲಗ, ಮೀನೆಣ್ಣೆಯ ಮಾತ್ರೆ, ಇವು ಯಾವುವೂ ಡಿಮೆನ್ಶಿಯಾವನ್ನು ತಡೆಯುತ್ತವೆ ಎಂದು ಸಾಬೀತಾಗಿಲ್ಲ. ಕೊರತೆ ಇಲ್ಲದವರು ಜ್ಞಾಪಕಶಕ್ತಿಗೆಂದು ಬಿ, ಇ ಜೀವಸತ್ವದ ಮಾತ್ರೆ ನುಂಗುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ರಂದು ನಾವು ಮಾಡುವ ಮದ್ದು ಸೊಪ್ಪಿನ ಪಾಯಸವೂ ಹಾಗೇ. ಸಂತೋಷದಿಂದ ಉಣ್ಣಿ, ಮರುದಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ. ಆದರೆ ವರ್ಷಕ್ಕೊಮ್ಮೆ ಕುಡಿದ ಪಾಯಸ ಮಿದುಳನ್ನು ಕಾಯುತ್ತದೆ ಎಂದು ನಂಬಿ ಬಿ.ಪಿ. ಮಾತ್ರೆ ಬಿಡಬೇಡಿ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಒಟ್ಟು ಊಟದ ಕ್ರಮ. ಸೊಪ್ಪು, ಬೇಳೆಕಾಳು, ಮೀನು, ಕಡಲೆಬೀಜದಂಥ ಬೀಜಗಳು, ತವುಡು ಉಳಿದ ಧಾನ್ಯ ಹೆಚ್ಚಿದ್ದು, ಕೆಂಪು ಮಾಂಸ, ಬೆಣ್ಣೆ, ಕರಿದದ್ದು, ಸಿಹಿ ಕಡಿಮೆ ಇರುವ ಊಟ ಮಾಡುವವರಲ್ಲಿ ಡಿಮೆನ್ಶಿಯಾ ಕಡಿಮೆ ಎಂದು ಹಲವು ವರ್ಷಗಳ ಅವಲೋಕನಗಳು ತೋರಿಸಿವೆ. ಇದಕ್ಕೆ ಮೈಂಡ್ ಡಯಟ್ ಎಂದು ಹೆಸರು. ಆದರೆ 604 ಜನರನ್ನು ಎರಡು ಗುಂಪು ಮಾಡಿ ಮೂರು ವರ್ಷ ನೋಡಿದ ಪ್ರಯೋಗದಲ್ಲಿ, ಇದೇ ಊಟ ಮಾಡಿದವರು ಬರೀ ತೂಕ ಇಳಿಸುವ ಊಟ ಮಾಡಿದವರಿಗಿಂತ ಮುಂದೇನೂ ಹೋಗಲಿಲ್ಲ. 2023ರ ಫಲಿತಾಂಶ ಅದು. ಫಿನ್ಲೆಂಡಿನಲ್ಲಿ 60 ದಾಟಿದ 1260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿ.ಪಿ. ಸಕ್ಕರೆಯ ನಿಗಾ, ನಾಲ್ಕನ್ನೂ ಒಟ್ಟಿಗೆ ಕೊಟ್ಟಾಗ ಮಾತ್ರ ಸ್ಪಷ್ಟ ಲಾಭ ಕಂಡಿತು. 2015ರಲ್ಲಿ ಅದು ಪ್ರಕಟವಾಯಿತು. ತಟ್ಟೆ ಒಂದನ್ನೇ ಬದಲಾಯಿಸಿ ಕಾಲು ಚಾಚಿ ಕೂತರೆ ಆಗುವುದಿಲ್ಲ.

ನಮ್ಮ ಊಟದಲ್ಲಿ ಇರುವ ತೊಂದರೆ ಬೇರೆಯೇ. ಈ ಊಟ ಗದ್ದೆ ಉಳುವವರ, ನಾಟಿ ಮಾಡುವವರ, ದಿನಕ್ಕೆ ಹತ್ತು ಮೈಲಿ ಬೆಟ್ಟ ಹತ್ತಿ ಇಳಿಯುವವರ ಊಟ. ಈಗ ಗದ್ದೆ ಪಾಳು ಬಿದ್ದಿದೆ, ಗೇಟಿನಿಂದ ಮನೆಗೂ ಜೀಪು ಬಂದಿದೆ, ತಟ್ಟೆ ಮಾತ್ರ ಹಾಗೇ ಇದೆ. ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ನೂಪುಟ್ಟು (ಅಕ್ಕಿ ಶಾವಿಗೆ), ಮೂರೂ ಅಕ್ಕಿಯೇ. ಅಕ್ಕಿ ಬಿಡಿ ಎಂದು ಕೊಡಗಿನಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಮೂರರಲ್ಲಿ ಒಂದು ಹೊತ್ತು ರಾಗಿಯೋ ಹೆಸರುಕಾಳೋ ಆಗಲಿ. ಉಳಿದ ಎರಡು ಹೊತ್ತು ತಟ್ಟೆಯ ಅರ್ಧ ಪಲ್ಯ ಸೊಪ್ಪು, ಕಾಲು ಭಾಗ ಅಕ್ಕಿ, ಕಾಲು ಭಾಗ ಬೇಳೆ, ಮೀನು ಇಲ್ಲವೇ ಮೊಟ್ಟೆ. ಆರು ಕಡಂಬುಟ್ಟು ತಿನ್ನುವವರು ಎರಡಕ್ಕೆ ನಿಲ್ಲಿಸಿ, ಕರಿಯ ಪಕ್ಕ ಒಂದು ಬಟ್ಟಲು ಪಲ್ಯ ಇಟ್ಟುಕೊಳ್ಳಿ.

ಸೊಪ್ಪಿಗೆ ನಮ್ಮಲ್ಲಿ ಬರವೇ? ಮಳೆಗಾಲದಲ್ಲಿ ತೊರೆಯ ಬದಿಯ ತೆರ್ಮೆ ತೊಪ್ಪು (ಜರೀಗಿಡದ ಎಳೆ ಚಿಗುರು), ಕೆಸುವಿನ ಎಲೆ, ಹಿತ್ತಲಿನ ನುಗ್ಗೆ, ಬಸಳೆ. ವಾರಕ್ಕೆ ಆರು ದಿನ ಒಂದು ಬಟ್ಟಲು ಬೇಯಿಸಿದ ಸೊಪ್ಪು ಸಾಕು. ತೋಟದ ಬೆಣ್ಣೆಹಣ್ಣಿನ ಕೊಬ್ಬು ಒಳ್ಳೆಯದು, ಅದನ್ನು ಸಕ್ಕರೆ ಹಾಲು ಹಾಕಿ ಜ್ಯೂಸು ಮಾಡಿ ಕೆಡಿಸಬೇಡಿ. ಅರ್ಧ ಹಣ್ಣಿಗೆ ನಿಂಬೆರಸ, ಕಾಳುಮೆಣಸಿನ ಪುಡಿ ಹಾಕಿ ತಿನ್ನಿ. ಕಡಲ ಕಡೆಯಿಂದ ಘಟ್ಟ ಹತ್ತಿ ಬರುವ ಮತ್ತಿ, ಬಂಗುಡೆ ವಾರಕ್ಕೆ ಎರಡು ಸಲ. ಇವು ಅಗ್ಗದ ಮೀನುಗಳು, ಒಮೆಗಾ-3 ಕೊಬ್ಬು ಇವುಗಳಲ್ಲೇ ಹೆಚ್ಚು. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಸಾರು ಮಾಡಿ. ಉಪ್ಪುಮೀನು, ಒಣಗಿಸಿದ ಮಾಂಸ, ಉಪ್ಪಿನಕಾಯಿ ಹೆಚ್ಚಿದ ದಿನ ಬಿ.ಪಿ. ನೋಡಿ, ನಿಮಗೇ ಗೊತ್ತಾಗುತ್ತದೆ. ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಮಟ್ಟಸ ಒಂದು ಟೀ ಚಮಚ.

ಪಂದಿಕರಿ. ಹಬ್ಬಕ್ಕೆ, ಮದುವೆಗೆ, ನೆಂಟರು ಬಂದಾಗ ಅದು ಇರಲಿ. ತೊಂದರೆ ಇರುವುದು ವಾರಕ್ಕೆ ಮೂರು ದಿನ ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡುವುದರಲ್ಲಿ. ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಪ್ಪು ಹುಳಿ) ಹಾಕಿದರೆ ಕೊಬ್ಬು ಕರಗಿಹೋಗುತ್ತದೆ ಎಂಬ ನಂಬಿಕೆ ಇದೆ. ಪಾತ್ರೆಯಲ್ಲಿ ಕೊಬ್ಬು ಕರಗುವುದು ಬೆಂಕಿಗೆ, ಕರಗಿದ್ದು ಎಲ್ಲಿಗೂ ಹೋಗುವುದಿಲ್ಲ, ಕರಿಯ ಮೇಲೆ ತೇಲುತ್ತಿರುತ್ತದೆ. ಅದನ್ನು ತೆಗೆಯುವ ಸುಲಭ ದಾರಿ ಹೇಳುತ್ತೇನೆ. ಹಿಂದಿನ ದಿನವೇ ಕರಿ ಮಾಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿ ಪದರ ಹೆಪ್ಪುಗಟ್ಟಿರುತ್ತದೆ. ಚಮಚದ ಅಂಚಿನಿಂದ ಅದನ್ನು ಪೂರ್ತಿ ಎತ್ತಿ ತೆಗೆದು, ಆಮೇಲೆ ಬಿಸಿ ಮಾಡಿ ಕಾಚಂಪುಳಿ ಹೊಂದಿಸಿ. ರುಚಿ ಮಸಾಲೆಯಲ್ಲಿದೆ, ಮಾರನೆಯ ದಿನದ ಕರಿ ಇನ್ನೂ ಚೆನ್ನಾಗಿರುತ್ತದೆ. ಹುಳಿ ಸರಿಯಾಗಿದ್ದರೆ ಉಪ್ಪೂ ಕಡಿಮೆ ಸಾಕು. ಇದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಮಾತ್ರೆ ಎಂದು ಮಾರುತ್ತಾರೆ, ಅದರಿಂದ ಯಕೃತ್ತಿಗೆ ಪೆಟ್ಟು ಬಿದ್ದದ್ದು ವರದಿಯಾಗಿದೆ. ಅಡುಗೆಗೆ ಹಾಕುವ ಅಷ್ಟು ಕಾಚಂಪುಳಿಗೆ ಭಯವಿಲ್ಲ, ಮಾತ್ರೆ ಮುಟ್ಟಬೇಡಿ.

ಕಾಫಿ ಕುಡಿಯಬಹುದೇ ಎಂದು ಯಾರೋ ಚೀಟಿ ಕಳಿಸಿದ್ದಾರೆ. ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಲ್ಲಿ ಡಿಮೆನ್ಶಿಯಾ ಕಡಿಮೆ ಎಂದು ಕೆಲವು ಅವಲೋಕನಗಳಿವೆ, ಅದು ರಕ್ಷಣೆ ಎಂದು ಸಾಬೀತಾಗಿಲ್ಲ. ಕಾಫಿಗಿಂತ ಅದರೊಳಗಿನ ಸಕ್ಕರೆ ನೋಡಿ. ನಾಲ್ಕು ಲೋಟಕ್ಕೆ ಎರಡೆರಡು ಚಮಚದಂತೆ 40 ಗ್ರಾಂ ಆಯಿತು, 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಮಧ್ಯಾಹ್ನ ಮೂರರ ಮೇಲೆ ಬೇಡ, ರಾತ್ರಿ ನಿದ್ದೆ ಕೆಡುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇನ್ನೊಂದು ಮಾತು. ಸಕ್ಕರೆ 70ಕ್ಕಿಂತ ಕೆಳಗೆ ಬೀಳುವುದೂ ಮಿದುಳಿಗೆ ಏಟು. ಮಾತ್ರೆ ತೆಗೆದುಕೊಂಡು ಊಟ ಬಿಡಬಾರದು.

ಕುಡಿತದ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡೋಣ. ನಮ್ಮಲ್ಲಿ ಅದು ಆತಿಥ್ಯದ ಭಾಗ, ನೈವೇದ್ಯದ ಭಾಗ. ನಾನು ಮಾತಾಡುತ್ತಿರುವುದು ಪ್ರತಿ ಸಂಜೆಯ ಲೋಟದ ಬಗ್ಗೆ. ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ಶೇ. 42.8. 30 ಮಿಲಿಲೀಟರಿಗೆ 10 ಗ್ರಾಂ ಮದ್ಯಸಾರ ಎಂದು ಲೆಕ್ಕ ಇಟ್ಟುಕೊಳ್ಳಿ. ಲ್ಯಾನ್ಸೆಟ್ ಆಯೋಗ ಅಪಾಯದ ಗೆರೆ ಎಳೆದಿರುವುದು ವಾರಕ್ಕೆ 168 ಗ್ರಾಂಗೆ. ದಿನಕ್ಕೆ 90 ಮಿಲಿ ಕುಡಿಯುವವರು ವಾರಕ್ಕೆ 210 ಗ್ರಾಂ ಮುಟ್ಟಿರುತ್ತಾರೆ. ಮನೆಯಲ್ಲಿ ಅಳತೆಯಿಲ್ಲದೆ ಸುರಿಯುವ ಲೋಟದಲ್ಲಿ ಎಷ್ಟಿರುತ್ತದೆ ಎಂಬುದನ್ನು ಒಂದು ಸಲ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದು ನೋಡಿ. ಊಟ ಬಿಟ್ಟು ಕುಡಿಯುವವರಲ್ಲಿ ಇನ್ನೊಂದು ವಿಪತ್ತು ಇದೆ. ಬಿ1 ಜೀವಸತ್ವ, ಅಂದರೆ ಥಯಮಿನ್, ಬರಿದಾಗುತ್ತದೆ. ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ಗೊಂದಲ ಬರುತ್ತದೆ. 'ಕುಡಿದಿದ್ದಾನೆ' ಎಂದು ಎಲ್ಲರೂ ದಾಟಿ ಹೋಗುತ್ತಾರೆ. ಆಗಲೇ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಉಳಿಯುತ್ತಾರೆ, ಬಿಟ್ಟರೆ ಹೊಸ ನೆನಪೇ ನಿಲ್ಲದ ಸ್ಥಿತಿಗೆ ಹೋಗುತ್ತಾರೆ. ಇಂಥವರಿಗೆ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಪರಿಸ್ಥಿತಿ ಕೆಡಬಹುದು. ಆದ್ದರಿಂದ ಕರೆದೊಯ್ದವರು ಕುಡಿತದ ವಿಷಯವನ್ನು ನಾಚಿಕೆಪಡದೆ ವೈದ್ಯರಿಗೆ ಹೇಳಲೇಬೇಕು. ವರ್ಷಗಟ್ಟಲೆ ಹೆಚ್ಚು ಕುಡಿದವರು ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು. ನಿಲ್ಲಿಸುವುದಕ್ಕೂ ವೈದ್ಯರ ಸಹಾಯ ಬೇಕು.

ತಲೆಗೆ ಬೀಳುವ ಪೆಟ್ಟು ಆ ಹದಿನಾಲ್ಕರಲ್ಲಿ ಒಂದು. ಜನವರಿಯಿಂದ ಮಾರ್ಚಿನವರೆಗೆ ನಮ್ಮಲ್ಲಿ ಮೆಣಸು ಕೊಯ್ಲು. ಸಿಲ್ವರ್ ಮರಕ್ಕೆ ಆನಿಸಿದ ಏಣಿ, ಸೊಂಟಕ್ಕೆ ಕಟ್ಟಿದ ಚೀಲ, ಒಂದು ಕೈಯಲ್ಲಿ ಬಳ್ಳಿ. ಏಣಿಯ ಬುಡ ಒಣಗಿದ ಎಲೆಯ ಮೇಲೆ ಜಾರುತ್ತದೆ. ಎಲೆ ಗುಡಿಸಿ ಮಣ್ಣಿನಲ್ಲಿ ಎರಡಿಂಚು ಗುಳಿ ತೆಗೆದು ಬುಡ ಊರಿ, ಮೇಲ್ತುದಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಹತ್ತುವವರ ತಲೆಗೆ ಹೆಲ್ಮೆಟ್ ಕೊಡಿ, ಅದರ ಬೆಲೆ ಎರಡು ಕೆ.ಜಿ. ಮೆಣಸಿನ ಬೆಲೆಯಷ್ಟೂ ಇಲ್ಲ. ವಯಸ್ಸಾದವರಲ್ಲಿ ಬಚ್ಚಲಿನಲ್ಲಿ ಜಾರಿ ತಲೆ ಸಣ್ಣಗೆ ತಗುಲಿದರೂ ಸಾಕು. ಅವತ್ತು ಏನೂ ಆಗಿರುವುದಿಲ್ಲ. ಮೂರರಿಂದ ಆರು ವಾರದ ಮೇಲೆ ತಲೆನೋವು, ತೂಕಡಿಕೆ, ಒಂದು ಬದಿಯ ಕಾಲು ಎಳೆಯುವುದು, ಗೊಂದಲ. ತಲೆಬುರುಡೆಯ ಒಳಗೆ ರಕ್ತ ಮೆಲ್ಲಗೆ ಒಸರಿ ಮಿದುಳನ್ನು ಒತ್ತುತ್ತಿರುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಸಿ.ಟಿ. ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ, ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ತೆಗೆದರೆ ಬಹಳ ಮಂದಿ ಮೊದಲಿನಂತೆ ಆಗುತ್ತಾರೆ. ಇಂಥವರನ್ನು ಅರಳು ಮರಳು ಎಂದು ಮೂಲೆಯಲ್ಲಿ ಕೂರಿಸಿದರೆ ಜೀವವೇ ಹೋಗುತ್ತದೆ.

ನಡಿಗೆಗೆ ಬರೋಣ. 120 ಜನ ಹಿರಿಯರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ಚುರುಕಾಗಿ ನಡೆದವರ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಮಿದುಳಿನ ಭಾಗ, ಒಂದು ವರ್ಷದಲ್ಲಿ ಶೇ. 2ರಷ್ಟು ದೊಡ್ಡದಾಯಿತು. ಬರೀ ಕೈಕಾಲು ಚಾಚುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು. ಗುರಿ ವಾರಕ್ಕೆ 150 ನಿಮಿಷ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ.

ಇಲ್ಲಿ ನಮ್ಮ ಕಷ್ಟ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆ. ನಾಲ್ಕು ತಿಂಗಳು ಒಳಗೇ ಕೂತವರ ತೊಡೆಯ ಸ್ನಾಯು ಕರಗುತ್ತದೆ, ಅಕ್ಟೋಬರಿನಲ್ಲಿ ಎದ್ದಾಗ ಬೀಳುತ್ತಾರೆ. ಮನೆಯ ಜಗಲಿ, ಐನ್‌ಮನೆಯ (ಕುಲದ ಮೂಲ ಮನೆಯ) ಕೈಯಾಲೆ, ಕಾಫಿ ಗೋದಾಮು, ಉದ್ದಕ್ಕೆ ಯಾವುದಿದೆಯೋ ಅಲ್ಲಿ ನಡೆಯಿರಿ. 12 ಮೀಟರಿನ ಜಗಲಿಯಲ್ಲಿ ಹೋಗಿ ಬಂದರೆ 24 ಮೀಟರು, 40 ಸುತ್ತಿಗೆ ಒಂದು ಕಿಲೋಮೀಟರಿನ ಹತ್ತಿರ. ಲೆಕ್ಕ ತಪ್ಪದಿರಲು ಒಂದು ಬಟ್ಟಲಿನಲ್ಲಿ 40 ಕಾಫಿ ಬೀಜ ಇಟ್ಟುಕೊಂಡು ಸುತ್ತಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕಿ. ನೆಲ ಒದ್ದೆ ಇರಬಾರದು, ಹವಾಯಿ ಚಪ್ಪಲಿ ಬೇಡ. ಇದರ ಜೊತೆ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಬೆಳಿಗ್ಗೆ ಸಂಜೆ. ಹತ್ತು ಆಗದವರು ಮೂರರಿಂದ ಶುರುಮಾಡಿ. ಬಚ್ಚಲೊಲೆಯ ಮುಂದೆ ಹೊಗೆಯಲ್ಲಿ ಮೈ ಕಾಯಿಸುತ್ತಾ ಕೂರುವುದನ್ನು ಮಾತ್ರ ಬಿಡಿ. ಹೊಗೆಯೂ ಆ ಹದಿನಾಲ್ಕರ ಪಟ್ಟಿಯಲ್ಲಿದೆ, ಸಿಗರೇಟಿನ ಹೊಗೆಯಂತೂ ಹೇಳಬೇಕಾಗಿಲ್ಲ.

ಒಂಟಿತನ ಇನ್ನೊಂದು ದೊಡ್ಡ ಕಾರಣ. ಮಕ್ಕಳು ಬೆಂಗಳೂರಿನಲ್ಲಿ, ಅದರಾಚೆ. ಪಕ್ಕದ ಮನೆ ಅರ್ಧ ಮೈಲಿ ದೂರ. ಮಳೆಗೆ ಕರೆಂಟು ಹೋದರೆ ಫೋನೂ ಇಲ್ಲ. ವಾರದ ಸಂತೆಗೆ ಹೋಗುವ ಜೀಪಿನಲ್ಲಿ ಪಕ್ಕದ ಮನೆಯ ಅಜ್ಜಿಗೂ ಒಂದು ಸೀಟು ಇಡಿ. ಹಾಕಿ ಹಬ್ಬಕ್ಕೆ, ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟಕ್ಕೆ ಹಿರಿಯರನ್ನು 'ಸುಮ್ಮನೆ ತೊಂದರೆ' ಎಂದು ಮನೆಯಲ್ಲಿ ಬಿಡಬೇಡಿ. ವಾಲಗಕ್ಕೆ ಹೆಜ್ಜೆ ಹಾಕುವುದರಲ್ಲಿ ನಡಿಗೆ, ತಾಳ, ಎದುರಿನವರ ಮುಖ, ಮೂರೂ ಇವೆ.

ನಮಗೆ ಒಂದು ಸೌಭಾಗ್ಯವಿದೆ, ಭಾಷೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ, ಪೇಟೆಯಲ್ಲಿ ಕನ್ನಡ, ಗಡಿಯಲ್ಲಿ ಮಲಯಾಳ, ತುಳು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಡಿಮೆನ್ಶಿಯಾ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಓದು ಬಾರದವರಲ್ಲೂ ಹಾಗೇ ಇತ್ತು. ಮೊಮ್ಮಕ್ಕಳೊಂದಿಗೆ ಇಂಗ್ಲಿಷಿನಲ್ಲಷ್ಟೇ ಮಾತಾಡುವ ಮನೆಗಳು ಇದನ್ನು ಯೋಚಿಸಲಿ. ಕಾಯಿಲೆ ಬಂದ ಮೇಲೆ ಕಲಿತ ಭಾಷೆಗಳು ಮೊದಲು ಜಾರಿ ತಾಯ್ನುಡಿ ಉಳಿಯುವುದುಂಟು. ಆಗ ನೋಡಿಕೊಳ್ಳಲು ದೂರದ ರಾಜ್ಯದಿಂದ ಬಂದವರಿಗೆ ಅಜ್ಜಿ ಕೇಳುವ ನೀರು ಅರ್ಥವಾಗದೆ ಇಬ್ಬರೂ ಅಳುತ್ತಾರೆ. ನೀರು, ನೋವು, ಚಳಿ, ಹಸಿವು, ಬಚ್ಚಲು, ಭಯ, ಇಂಥ ಇಪ್ಪತ್ತು ಪದಗಳನ್ನು ಅವರ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಾಯಿಲೆ ಖಚಿತವಾದ ಮನೆಯಲ್ಲಿ ಅವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಮೊದಲನೆಯದು ಕೋವಿ. ನಮ್ಮಲ್ಲಿ ಪರವಾನಗಿ ವಿನಾಯಿತಿ ಇರುವುದರಿಂದ ಬಹಳ ಮನೆಗಳ ಗೋಡೆಯಲ್ಲಿ ಕೋವಿ ಇದೆ. ಅದು ಗೌರವದ ವಸ್ತು, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಪೂಜಿಸುವ ವಸ್ತು. ಆದರೆ ಮನೆಮಗನನ್ನೇ ಕಳ್ಳನೆಂದು ಭ್ರಮಿಸುವ ಕಾಯಿಲೆ ಇದು. ಕೋವಿಯನ್ನು ಬೀಗದೊಳಗೆ, ತೋಟೆಗಳನ್ನು ಬೇರೆ ಬೀಗದೊಳಗೆ, ಕೀಲಿ ಬೇರೆಯವರ ಕೈಯಲ್ಲಿ ಇಡಿ. ಅದಕ್ಕಿಂತ ಒಳ್ಳೆಯದು, ಕಾನೂನಿನ ಕ್ರಮದಲ್ಲಿ ಮನೆಯಿಂದಲೇ ಬೇರೆಡೆಗೆ ಸಾಗಿಸುವುದು. ಗೌರವಕ್ಕೆ ಧಕ್ಕೆಯಾಗದಂತೆ 'ರಿಪೇರಿಗೆ ಕೊಟ್ಟಿದೆ' ಎನ್ನಿ. ಎರಡನೆಯದು ಮೈಲುತುತ್ತ, ಕಳೆನಾಶಕ, ಕೀಟನಾಶಕ. ಕುಡಿಯುವ ನೀರಿನ ಬಾಟಲಿಯಲ್ಲಿ ಇವನ್ನು ಯಾವತ್ತೂ ತುಂಬಿಡಬೇಡಿ, ಗೋದಾಮಿಗೆ ಬೀಗ ಹಾಕಿ. ಮೂರನೆಯದು ಕೆರೆ ಮತ್ತು ಬಾವಿಗೆ ಬೇಲಿ. ನಾಲ್ಕನೆಯದು ರಾತ್ರಿ. ಸಂಜೆಯಾಗುತ್ತಲೇ ಇವರಲ್ಲಿ ಚಡಪಡಿಕೆ ಹೆಚ್ಚುತ್ತದೆ, 'ಮನೆಗೆ ಹೋಗಬೇಕು' ಎಂದು ಎದ್ದು ಹೊರಡುತ್ತಾರೆ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಆ ಹೊತ್ತಿಗೇ ಆನೆ ತೋಟಕ್ಕೆ ಇಳಿಯುವುದು. ಬಾಗಿಲಿನ ಚಿಲಕವನ್ನು ಕಣ್ಣಿಗೆ ಬೀಳದ ಹಾಗೆ ತೀರಾ ಮೇಲೆ ಅಥವಾ ತೀರಾ ಕೆಳಗೆ ಹಾಕಿಸಿ, ಬಾಗಿಲಿಗೆ ದನದ ಗಂಟೆ ಕಟ್ಟಿ. ಒಳಗೆ ಬೇರೆಯವರು ಮಲಗಿರಲೇಬೇಕು, ಬೆಂಕಿ ಬಿದ್ದರೆ ಕಾಯಿಲೆಯವರು ಒಬ್ಬರೇ ಬಾಗಿಲು ತೆರೆಯಲಾರರು. ನಾಲ್ಕು ಗಂಟೆಗೆ ಜಗಲಿಯ ನಡಿಗೆ ಮಾಡಿಸಿ, ಕತ್ತಲಾಗುವ ಮೊದಲೇ ದೀಪ ಹಾಕಿದರೆ ಚಡಪಡಿಕೆ ಅರ್ಧ ಇಳಿಯುವುದುಂಟು.

ವೈದ್ಯರ ಬಳಿ ಹೋಗುವಾಗ ಒಂದು ಚೀಲದಲ್ಲಿ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ತುಂಬಿಕೊಂಡು ಹೋಗಿ, ಅಂಗಡಿಯಿಂದ ತಂದದ್ದು, ನಾಟಿ ಔಷಧಿ, ನಿದ್ದೆಯದ್ದು ಎಲ್ಲ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ ಬದಲಾವಣೆ ಕಂಡದ್ದು ಯಾವ ಹಬ್ಬದ ಹೊತ್ತಿಗೆ, ಮೆಲ್ಲಗೆ ಬಂತೋ ದಿಢೀರನೆಯೋ, ಬಿದ್ದಿದ್ದರೇ, ಎಷ್ಟು ಕುಡಿಯುತ್ತಾರೆ, ಕಿವಿ ಹೇಗಿದೆ, ಯಾವ ಕೆಲಸ ಮೊದಲು ತಪ್ಪಿತು. 'ಮರೆವು ಜಾಸ್ತಿ' ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. 'ಪುತ್ತರಿಯ ಹೊತ್ತಿಗೆ ಕಡಂಬುಟ್ಟಿನ ಪಾತ್ರೆ ಎರಡು ಸಲ ಸೀದಿತು' ಎಂದು ಬರೆಯಿರಿ. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆಯ ರಕ್ತಪರೀಕ್ಷೆ ಮತ್ತು ತಲೆಯ ಸ್ಕ್ಯಾನ್ ಬೇಕೇ ಎಂದು ನೀವೇ ಕೇಳಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಸಹಾಯವಾಣಿ 14416. ನೋಡಿಕೊಳ್ಳುವವರು ತಮ್ಮ ದಣಿವಿಗೂ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.